ಬಾಗಿಲಲ್ಲಿ ಮಾತ್ರ ಜರ್ಮನ್: ಲಿನಕ್ಸ್ ಲಾಗಿನ್ ಪರದೆಯ ಭಾಷೆಯನ್ನು ಸರಿಪಡಿಸುವ ಬಗೆ

ಡಿಸೆಂಬರಿನ ಒಂದು ರಾತ್ರಿ ಊಟಕ್ಕೆ ಕುಳಿತಿದ್ದಾಗ ಶಿವಮೊಗ್ಗದಿಂದ ಚಿಕ್ಕಮ್ಮನ ಫೋನು ಬಂತು. ಜರ್ಮನಿಯಲ್ಲಿರುವ ಮಗ ರಜೆಗೆಂದು ಊರಿಗೆ ಬಂದವನು, ಹೊರಡುವಾಗ ತನ್ನ ಹಳೆಯ ಲ್ಯಾಪ್‌ಟಾಪನ್ನು ಅಮ್ಮನಿಗೆ ಬಿಟ್ಟುಹೋಗಿದ್ದ. ಇಲ್ಲಿಂದಲೇ ಕೊಂಡುಹೋಗಿದ್ದ ಯಂತ್ರ, ಅದರಲ್ಲಿ ಉಬುಂಟು 24.04 ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ. ಅಮ್ಮನ ಹೆಸರಿನಲ್ಲಿ ಹೊಸ ಖಾತೆ ತೆರೆದು, ಅದರೊಳಗೆ ಇಂಗ್ಲಿಷ್ ಭಾಷೆ, ನಮ್ಮ ಮಾಮೂಲಿ ಕೀಲಿಮಣೆ ಎಲ್ಲವನ್ನೂ ಹೊಂದಿಸಿ, ಒಂದು ಪಾಸ್‌ವರ್ಡನ್ನೂ ಇಟ್ಟುಕೊಟ್ಟು ವಿಮಾನ ಹತ್ತಿದ್ದ. ಆಮೇಲೆ ಒಮ್ಮೆ ಆರಿಸಿ ಹಚ್ಚಿ ನೋಡಿರಲಿಲ್ಲ.

“ಪಾಸ್‌ವರ್ಡ್ ಸರಿಯಾಗಿಯೇ ಹಾಕುತ್ತಿದ್ದೇನೆ, ಒಪ್ಪುತ್ತಿಲ್ಲ. ನನ್ನ ಹೆಸರಿನ ಕೆಳಗೆ ಎನ್ ಐ ಸಿ ಎಚ್ ಟಿ ಎಂದು ಶುರುವಾಗುವ ಏನೋ ಬರೆದಿದೆ. ಮೇಲೆ ಡಿಸೆಂಬರ್ ಇರಬೇಕಾದಲ್ಲಿ ಡಿ ಇ ಝಡ್ ಎಂದಿದೆ. ವೈರಸ್ಸೇನೋ ಮಾರಾಯ?”

ವೈರಸ್ಸಲ್ಲ. ‘ನಿಖ್ಟ್ ಔಫ್‌ಗೆಫ್ಯೂರ್ಟ್?’ ಎಂದರೆ ಜರ್ಮನ್ನಿನಲ್ಲಿ ‘ಪಟ್ಟಿಯಲ್ಲಿ ಇಲ್ಲವೇ?’ ಎಂದು. ಚಿಕ್ಕಮ್ಮನ ಮಗ, ಅಂದರೆ ನನ್ನ ತಮ್ಮ, ಉಬುಂಟುವನ್ನು ಅಲ್ಲಿ ಕುಳಿತು ಜರ್ಮನ್ ಭಾಷೆಯಲ್ಲಿ ಹಾಕಿಕೊಂಡಿದ್ದ. ಮನೆಯ ಒಳಗನ್ನೆಲ್ಲ ಬದಲಿಸಿದರೂ ಬಾಗಿಲು ಜರ್ಮನ್ನಾಗಿಯೇ ಉಳಿದಿತ್ತು. ಆ ರಾತ್ರಿ ಫೋನಿನಲ್ಲಿಯೇ ಮುಕ್ಕಾಲು ಗಂಟೆ ಕುಳಿತು ಸರಿಪಡಿಸಿದೆವು. ಅದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಆದೇಶಗಳನ್ನು ಚಿಕ್ಕಮ್ಮನಿಗೆ ಹೇಳಿ ಬರೆಸಿದಂತೆಯೇ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಆದೇಶಗಳನ್ನು ಟೈಪಿಸುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ, ಉಳಿದದ್ದೆಲ್ಲ ಚಿಕ್ಕಕ್ಷರ.

ಬಾಗಿಲು ಯಾಕೆ ಬೇರೆ ಭಾಷೆ ಆಡುತ್ತದೆ

ಲಾಗಿನ್ ಪರದೆಯೂ ಒಂದು ಪ್ರೋಗ್ರಾಮೇ. ಲಿನಕ್ಸ್‌ನ ಬಗೆಗಳಾದ ಉಬುಂಟು, ಫೆಡೋರಾಗಳಲ್ಲಿ ಅದರ ಹೆಸರು ಜಿಡಿಎಂ. ಲಿನಕ್ಸ್ ಮಿಂಟ್‌ನಲ್ಲಿ ಲೈಟ್‌ಡಿಎಂ, ಕೆಡಿಇ ಎಂಬ ಡೆಸ್ಕ್‌ಟಾಪ್ ಬಳಸುವವರಲ್ಲಿ ಹೆಚ್ಚಾಗಿ ಎಸ್‌ಡಿಡಿಎಂ. ನೀವು ನಿಮ್ಮ ಹೆಸರು ಒತ್ತುವ ಮೊದಲೇ ಅದು ತನ್ನದೇ ಆದ ಒಂದು ಖಾತೆಯಲ್ಲಿ ಎದ್ದು ಕುಳಿತಿರುತ್ತದೆ. ಬಂದಿರುವವರು ಚಿಕ್ಕಮ್ಮನೋ ತಮ್ಮನೋ ಅದಕ್ಕೆ ಇನ್ನೂ ಗೊತ್ತಿಲ್ಲ. ಹಾಗಾಗಿ ಇಡೀ ಯಂತ್ರಕ್ಕೆ ಯಾವ ಭಾಷೆ ನಿಗದಿಯಾಗಿದೆಯೋ ಅದನ್ನೇ ಆಡುತ್ತದೆ. ನಿಮ್ಮ ಖಾತೆಯ ಭಾಷೆಯನ್ನು ನೂರು ಸಲ ಬದಲಿಸಿದರೂ ಅದಕ್ಕೆ ಕೇಳಿಸುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ.

ಇನ್ನೊಂದು ಸಂಗತಿ: ಪರದೆಯ ಭಾಷೆ ಬೇರೆ, ಕೀಲಿಮಣೆಯ ವಿನ್ಯಾಸ ಬೇರೆ. ಎರಡನ್ನೂ ಯಂತ್ರ ಬೇರೆ ಬೇರೆ ಕಡೆ ಬರೆದಿಟ್ಟುಕೊಳ್ಳುತ್ತದೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ತಾನಾಗಿ ಸರಿಯಾಗುವುದಿಲ್ಲ. ಓದಲು ಬಾರದ ಪರದೆ ಬರಿಯ ಕಿರಿಕಿರಿ. ಪಾಸ್‌ವರ್ಡ್ ಹೊಡೆಯಲು ಬಾರದ ಕೀಲಿಮಣೆ ನಿಜವಾದ ತೊಂದರೆ. ಆದ್ದರಿಂದ ಮೊದಲು ಒಳಗೆ ಹೋಗುವ ದಾರಿ.

ಮೊದಲು ಒಳಗೆ ಹೋಗಿ

ಜಿಡಿಎಂನಲ್ಲಿ ಪಾಸ್‌ವರ್ಡ್ ಹಾಕುವ ಜಾಗದ ಬಲತುದಿಯಲ್ಲಿ ಕಣ್ಣಿನ ಚಿತ್ರ ಇರುತ್ತದೆ. ಅದನ್ನು ಒತ್ತಿದರೆ ಚುಕ್ಕಿಗಳ ಬದಲು ನೀವು ಹೊಡೆದ ಅಕ್ಷರಗಳೇ ಕಾಣುತ್ತವೆ. ಚಿಕ್ಕಮ್ಮ ಒತ್ತಿ ನೋಡಿದರು. “ನಾನು ವೈ ಒತ್ತಿದರೆ ಇದು ಝಡ್ ಎನ್ನುತ್ತಿದೆ!”

ಜರ್ಮನ್ ಕೀಲಿಮಣೆಯಲ್ಲಿ ವೈ ಮತ್ತು ಝಡ್ ಜಾಗ ಅದಲು ಬದಲು. ಚಿಹ್ನೆಗಳ ಗತಿ ಇನ್ನೂ ವಿಚಿತ್ರ. ನಮ್ಮ ಕೀಲಿಮಣೆಯಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ ಇಮೇಲ್ ವಿಳಾಸದ ‘ಅಟ್’ ಚಿಹ್ನೆ ಬರುತ್ತದೆ. ಅಲ್ಲಿ ಉದ್ಧರಣ ಚಿಹ್ನೆ ಬರುತ್ತದೆ. ಅವರ ‘ಅಟ್’ ಬೇಕೆಂದರೆ ಬಲಗಡೆಯ ಆಲ್ಟ್ ಹಿಡಿದು ಕ್ಯೂ ಒತ್ತಬೇಕು. ಓರೆಗೆರೆಗೆ ಶಿಫ್ಟ್ ಮತ್ತು 7, ಸಮ ಚಿಹ್ನೆಗೆ ಶಿಫ್ಟ್ ಮತ್ತು 0. ಅಡ್ಡಗೆರೆ ನಮ್ಮ ಓರೆಗೆರೆಯ ಕೀಲಿಯಲ್ಲಿದೆ, ಅದನ್ನೇ ಶಿಫ್ಟ್ ಹಿಡಿದು ಒತ್ತಿದರೆ ಅಂಡರ್‌ಸ್ಕೋರ್. ಪಾಸ್‌ವರ್ಡನ್ನು ತಮ್ಮ ಇಟ್ಟದ್ದು ಒಳಗಿನ ಇಂಗ್ಲಿಷ್ ಕೀಲಿಮಣೆಯಲ್ಲಿ, ಚಿಕ್ಕಮ್ಮ ಹೊಡೆಯುತ್ತಿದ್ದದ್ದು ಹೊರಗಿನ ಜರ್ಮನ್ ಕೀಲಿಮಣೆಯಲ್ಲಿ. ಅವರ ಪಾಸ್‌ವರ್ಡಿನಲ್ಲಿ ವೈಯೂ ಇತ್ತು, ‘ಅಟ್’ ಚಿಹ್ನೆಯೂ ಇತ್ತು. ಎರಡನ್ನೂ ಕಾಗದದ ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿಕೊಂಡು, ಮೂರನೆಯ ಸಲಕ್ಕೆ ಒಳಗೆ ಹೋದರು.

ಫ್ರೆಂಚ್ ಕೀಲಿಮಣೆಯಾದರೆ ಎ ಮತ್ತು ಕ್ಯೂ ಅದಲು ಬದಲಾಗಿರುತ್ತವೆ, ಅಂಕಿಗಳಿಗೆ ಶಿಫ್ಟ್ ಹಿಡಿಯಬೇಕಾಗುತ್ತದೆ. ಒಂದಕ್ಕಿಂತ ಹೆಚ್ಚು ವಿನ್ಯಾಸಗಳು ಇರುವ ಯಂತ್ರದಲ್ಲಿ ಪರದೆಯ ಮೇಲ್ಮೂಲೆಯಲ್ಲಿ ಎರಡಕ್ಷರದ ಸಂಕೇತ ಕಾಣುತ್ತದೆ. ಒತ್ತಿ ಬದಲಿಸಿಕೊಂಡರೆ ಮುಗಿಯಿತು.

ಮೌಸಿನಲ್ಲೇ ಮುಗಿಯುವ ದಾರಿ

ಒಳಗೆ ಹೋದ ಮೇಲೆ ಉಬುಂಟುವಿನಲ್ಲಿ ‘ಸೆಟ್ಟಿಂಗ್ಸ್’ ತೆರೆಯಿರಿ. 24.04ರಲ್ಲಿ ‘ಸಿಸ್ಟಮ್’ ಒಳಗೆ ‘ರೀಜನ್ ಅಂಡ್ ಲ್ಯಾಂಗ್ವೇಜ್’ ಇದೆ, 22.04ರಲ್ಲಿ ಎಡಗಡೆಯ ಪಟ್ಟಿಯಲ್ಲಿಯೇ ನೇರವಾಗಿ ಸಿಗುತ್ತದೆ. ಅಲ್ಲಿ ‘ಮ್ಯಾನೇಜ್ ಇನ್‌ಸ್ಟಾಲ್ಡ್ ಲ್ಯಾಂಗ್ವೇಜಸ್’ ಒತ್ತಿದರೆ ‘ಲ್ಯಾಂಗ್ವೇಜ್ ಸಪೋರ್ಟ್’ ಎಂಬ ಹಳೆಯ ಕಾಲದ ಚಿಕ್ಕ ಕಿಟಕಿ ತೆರೆಯುತ್ತದೆ. ಅದರಲ್ಲಿ ಭಾಷೆಗಳ ಪಟ್ಟಿ. ಬೇಕಾದ ಭಾಷೆಯನ್ನು ಮೌಸಿನಿಂದ ಹಿಡಿದೆಳೆದು ಎಲ್ಲಕ್ಕಿಂತ ಮೇಲೆ ತನ್ನಿ.

ಇಷ್ಟು ಮಾಡಿ ಕಿಟಕಿ ಮುಚ್ಚಿದರೆ ಬದಲಾಗುವುದು ನಿಮ್ಮ ಖಾತೆ ಮಾತ್ರ. ಪಟ್ಟಿಯ ಕೆಳಗಿರುವ ‘ಅಪ್ಲೈ ಸಿಸ್ಟಮ್-ವೈಡ್’ ಗುಂಡಿಯನ್ನು ಒತ್ತಿ, ಪಾಸ್‌ವರ್ಡ್ ಕೇಳಿದರೆ ಕೊಡಿ. ಆರಂಭಕ್ಕೂ ಲಾಗಿನ್ ಪರದೆಗೂ ಇದೇ ಭಾಷೆಗಳನ್ನು ಬಳಸುವ ಗುಂಡಿ ಎಂದು ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದಿದೆ. ಇಷ್ಟು ಮುಖ್ಯವಾದ ಗುಂಡಿಯನ್ನು ಇಷ್ಟು ಒಳಗೆ ಯಾಕೆ ಬಚ್ಚಿಟ್ಟಿದ್ದಾರೋ! ತಮ್ಮನಂಥ ಕಂಪ್ಯೂಟರ್ ಓದಿದವನಿಗೇ ಅದು ಕಂಡಿರಲಿಲ್ಲ.

ಗುಂಡಿ ಒತ್ತಲು ಬಿಡದಿದ್ದರೆ ನಿಮ್ಮ ಖಾತೆಗೆ ಆಡಳಿತದ ಅಧಿಕಾರವಿಲ್ಲ ಎಂದು ಅರ್ಥ. ಅಂಥ ಅಧಿಕಾರವುಳ್ಳ ಖಾತೆಯಿಂದ ಈ ಕೆಲಸ ಮಾಡಬೇಕು. ಅದೃಷ್ಟಕ್ಕೆ ಅಮ್ಮನಿಗೆ ತಮ್ಮ ಅಧಿಕಾರ ಕೊಟ್ಟೇ ಹೋಗಿದ್ದ.

ಯಂತ್ರವನ್ನು ರೀಸ್ಟಾರ್ಟ್ ಮಾಡಿದೆವು. ಬರಿಯ ಲಾಗೌಟ್ ಸಾಲುವುದಿಲ್ಲ. ಲಾಗಿನ್ ಪರದೆ ಹಿಂದಿನಿಂದ ಓಡುತ್ತಲೇ ಇರುವುದರಿಂದ ಹಳೆಯ ಭಾಷೆಯನ್ನೇ ಹಿಡಿದುಕೊಂಡಿರಬಹುದು. ‘ನಾಟ್ ಲಿಸ್ಟೆಡ್?’ ಎಂದು ಇಂಗ್ಲಿಷಿನಲ್ಲಿ ಬಂತು. ಚಿಕ್ಕಮ್ಮನಿಗೆ ಸಂತೋಷ. ಆದರೆ ಮರುಕ್ಷಣವೇ, “ಡಿ ಇ ಝಡ್ ಹಾಗೆಯೇ ಇದೆಯಲ್ಲ?”

ತಿಂಗಳ ಹೆಸರು ಮಾತ್ರ ಜರ್ಮನ್ನಿನಲ್ಲಿ ಉಳಿದರೆ

ಲಿನಕ್ಸ್‌ನಲ್ಲಿ ಭಾಷೆ ಎಂಬುದು ಒಂದೇ ಗುಂಡಿಯಲ್ಲ. ದಿನಾಂಕ, ಅಂಕಿ, ಹಣ, ಕಾಗದದ ಅಳತೆ, ಹೆಸರು, ವಿಳಾಸ, ದೂರವಾಣಿ, ಅಳತೆಯ ಪದ್ಧತಿ, ಗುರುತು ಎಂದು ಒಂಬತ್ತು ಬಾಬತ್ತುಗಳಿಗೆ ಬೇರೆ ಬೇರೆ ಊರಿನ ರೂಢಿಯನ್ನು ಹೇಳಬಹುದು. ಉಬುಂಟು ಹಾಕುವಾಗ ಭೂಪಟದಲ್ಲಿ ಬರ್ಲಿನ್ ಒತ್ತಿದ್ದರೆ ಈ ಒಂಬತ್ತೂ ಜರ್ಮನಿಯ ಪಾಲಾಗಿರುತ್ತವೆ. ಆಗ ಭಾಷೆ ಇಂಗ್ಲಿಷಾದರೂ ದಿನಾಂಕ ಜರ್ಮನ್, ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ, ಹಣಕ್ಕೆ ಯೂರೋ.

ಅದೇ ‘ಲ್ಯಾಂಗ್ವೇಜ್ ಸಪೋರ್ಟ್’ ಕಿಟಕಿಯಲ್ಲಿ ‘ರೀಜನಲ್ ಫಾರ್ಮ್ಯಾಟ್ಸ್’ ಎಂಬ ಎರಡನೆಯ ಹಾಳೆ ಇದೆ. ಅಲ್ಲಿ ‘ಇಂಗ್ಲಿಷ್, ಇಂಡಿಯಾ’ ಆರಿಸಿ, ಆ ಹಾಳೆಗೆ ಪ್ರತ್ಯೇಕವಾಗಿರುವ ‘ಅಪ್ಲೈ ಸಿಸ್ಟಮ್-ವೈಡ್’ ಗುಂಡಿಯನ್ನು ಮತ್ತೆ ಒತ್ತಬೇಕು. ಅಮೆರಿಕದ ಇಂಗ್ಲಿಷ್ ಬೇಡ ಎಂದು ನನ್ನ ಸಲಹೆ: ಭಾರತದ ಇಂಗ್ಲಿಷಿನಲ್ಲಿ ದಿನ ಮೊದಲು, ತಿಂಗಳು ಆಮೇಲೆ, ದೊಡ್ಡ ಸಂಖ್ಯೆಗಳಲ್ಲಿ ಅಲ್ಪವಿರಾಮ ಲಕ್ಷ, ಕೋಟಿಯ ಲೆಕ್ಕದಲ್ಲಿ ಬೀಳುತ್ತದೆ.

ಟರ್ಮಿನಲ್‌ನಲ್ಲಿ ನೋಡುವುದು, ತಿದ್ದುವುದು

ಕಿಟಕಿಗಳಿಂದ ಆಗದಿದ್ದರೆ, ಅಥವಾ ಎಲ್ಲಿ ಏನು ಉಳಿದಿದೆ ಎಂದು ಕಣ್ಣಾರೆ ನೋಡಬೇಕೆಂದರೆ, ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ. ಟರ್ಮಿನಲ್ ತೆರೆಯುತ್ತದೆ. ಮೊದಲ ಆದೇಶ:

ಲೊಕೇಲ್‌ಸಿಟಿಎಲ್ ಸ್ಟೇಟಸ್

‘ಲೊಕೇಲ್’ ಎಂದರೆ ಎಲ್, ಒ, ಸಿ, ಎ, ಎಲ್, ಇ. ಅದಕ್ಕೆ ಅಂಟಿಕೊಂಡೇ ಸಿ, ಟಿ, ಎಲ್. ಆಮೇಲೆ ಒಂದು ಸ್ಪೇಸ್ ಕೊಟ್ಟು ಸ್ಟೇಟಸ್. ಉತ್ತರದಲ್ಲಿ ‘ಸಿಸ್ಟಮ್ ಲೊಕೇಲ್’ ಎಂಬಲ್ಲಿ ಇಡೀ ಯಂತ್ರದ ಭಾಷೆ, ‘ಎಕ್ಸ್11 ಲೇಔಟ್’ ಎಂಬಲ್ಲಿ ಲಾಗಿನ್ ಪರದೆಯ ಕೀಲಿಮಣೆ ಕಾಣುತ್ತದೆ. ಡಿಇ ಎಂದಿದ್ದರೆ ಜರ್ಮನ್, ಎಫ್‌ಆರ್ ಎಂದಿದ್ದರೆ ಫ್ರೆಂಚ್, ಭಾಷೆಯ ಸಾಲಿನಲ್ಲಿ ಕೆಎನ್ ಎಂದರೆ ನಮ್ಮ ಕನ್ನಡ. ರೋಗ ಭಾಷೆಯದೋ ಕೀಲಿಮಣೆಯದೋ ಎರಡರದೋ ಎಂದು ಇಲ್ಲಿಯೇ ಗೊತ್ತಾಗುತ್ತದೆ.

ಯಂತ್ರದಲ್ಲಿ ಯಾವ ಯಾವ ಭಾಷೆಗಳು ಬಳಕೆಗೆ ಸಿದ್ಧವಾಗಿವೆ ಎಂದು ತಿಳಿಯಲು:

ಲೊಕೇಲ್ -ಎ

ಈ ಪಟ್ಟಿಯಲ್ಲಿ ಇಲ್ಲದ ಭಾಷೆಯನ್ನು ಹಾಕಲು ಹೋಗಬೇಡಿ. ನಾನೇ ಒಮ್ಮೆ ಯಂತ್ರದ ಭಾಷೆಯನ್ನು ಬರೆದಿಟ್ಟಿರುವ ಕಡತವನ್ನು ಕೈಯಾರೆ ತಿದ್ದುವಾಗ ಒಂದು ಅಕ್ಷರ ತಪ್ಪಿಸಿ ರೀಸ್ಟಾರ್ಟ್ ಮಾಡಿದೆ. ಭಾಷೆ ಸಿಗದೆ ಯಂತ್ರ ‘ಸಿ’ ಎಂಬ ಮೂಲ ಸ್ಥಿತಿಗೆ ಜಾರಿತು, ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್‌ನ ಟರ್ಮಿನಲ್ ತೆರೆಯಲೇ ಇಲ್ಲ. ಅದಕ್ಕೆ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯ ಭಾಷೆಯೇ ಬೇಕು, ಇಲ್ಲದಿದ್ದರೆ ಏಳುವುದಿಲ್ಲ. ಅಂಥ ಪೇಚಿನಲ್ಲಿ ಕಂಟ್ರೋಲ್, ಆಲ್ಟ್, ಎಫ್3 ಒತ್ತಿದರೆ ಬರುವ ಕಪ್ಪು ಪರದೆಯಲ್ಲಿ ಲಾಗಿನ್ ಆಗಿ ಸರಿಪಡಿಸಿಕೊಳ್ಳಬಹುದು.

ಪಟ್ಟಿಯಲ್ಲಿ ಭಾರತದ ಇಂಗ್ಲಿಷ್ ಇಲ್ಲದಿದ್ದರೆ ಉಬುಂಟುವಿನಲ್ಲಿ ಅದನ್ನು ತಯಾರಿಸಲು:

ಸುಡೊ ಲೊಕೇಲ್-ಜೆನ್ ಇಎನ್_ಐಎನ್

ಸುಡೊ ಎಂದರೆ ಎಸ್, ಯು, ಡಿ, ಒ; ಆದೇಶವನ್ನು ಆಡಳಿತದ ಅಧಿಕಾರದಿಂದ ಓಡಿಸುವ ಪದ ಅದು. ಜೆನ್ ಎಂದರೆ ಜಿ, ಇ, ಎನ್. ಇಎನ್ ಚಿಕ್ಕಕ್ಷರ, ನಡುವೆ ಅಂಡರ್‌ಸ್ಕೋರ್, ಐಎನ್ ದೊಡ್ಡಕ್ಷರ. ಪಾಸ್‌ವರ್ಡ್ ಕೇಳುತ್ತದೆ, ಹೊಡೆಯುವಾಗ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಚುಕ್ಕಿಯೂ ಬೀಳುವುದಿಲ್ಲ. “ಅಕ್ಷರವೇ ಮೂಡುತ್ತಿಲ್ಲವಲ್ಲ” ಎಂದು ಚಿಕ್ಕಮ್ಮ ನಾಲ್ಕು ಸಲ ಅಳಿಸಿ ಹೊಡೆದರು. ಕಾಣದಿದ್ದರೂ ಹೊಡೆದು ಎಂಟರ್ ಒತ್ತಿ.

ಈಗ ಮುಖ್ಯ ಆದೇಶ:

ಸುಡೊ ಅಪ್‌ಡೇಟ್-ಲೊಕೇಲ್ ಲ್ಯಾಂಗ್=ಇಎನ್_ಐಎನ್ ಲ್ಯಾಂಗ್ವೇಜ್=ಇಎನ್_ಐಎನ್:ಇಎನ್ ಎಲ್‌ಸಿ_ಟೈಮ್=ಇಎನ್_ಐಎನ್

ಇಲ್ಲಿ ಲ್ಯಾಂಗ್, ಲ್ಯಾಂಗ್ವೇಜ್, ಎಲ್‌ಸಿ_ಟೈಮ್ ಮೂರೂ ದೊಡ್ಡಕ್ಷರಗಳಲ್ಲಿ. ‘ಲ್ಯಾಂಗ್’ ಎಂದರೆ ನಾಲ್ಕೇ ಅಕ್ಷರ: ಎಲ್, ಎ, ಎನ್, ಜಿ. ಸಮ ಚಿಹ್ನೆಯ ಆಚೀಚೆ ಜಾಗ ಬಿಡಬಾರದು.

ಲ್ಯಾಂಗ್ ಮತ್ತು ಲ್ಯಾಂಗ್ವೇಜ್ ಎರಡೂ ಯಾಕೆ ಎಂದರೆ, ಪರದೆಯ ಮೇಲಿನ ಬರಹದ ಮಟ್ಟಿಗೆ ಲ್ಯಾಂಗ್ವೇಜ್‌ನ ಮಾತೇ ಮೇಲು. ಲ್ಯಾಂಗ್ ಅನ್ನು ಇಂಗ್ಲಿಷ್ ಮಾಡಿ, ಲ್ಯಾಂಗ್ವೇಜ್ ಎದುರು ಹಳೆಯ ಡಿಇ ಉಳಿಸಿಬಿಟ್ಟರೆ ಬರಹ ಜರ್ಮನ್ನಿನಲ್ಲಿಯೇ ಬರಬಹುದು. “ಎಲ್ಲ ಮಾಡಿದೆ, ಆದರೂ ಬದಲಾಗಲಿಲ್ಲ” ಎನ್ನುವವರ ಯಂತ್ರದಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಹಣ, ಅಂಕಿ ಮುಂತಾದ ಉಳಿದ ಎಂಟು ಬಾಬತ್ತುಗಳನ್ನೂ ಎಲ್‌ಸಿ_ಟೈಮ್‌ನ ಮಾದರಿಯಲ್ಲಿಯೇ ಒಂದೊಂದಾಗಿ ಬದಲಿಸಬಹುದು. ಲಾಗಿನ್ ಪರದೆಯ ಮಟ್ಟಿಗೆ ಕಣ್ಣಿಗೆ ಬೀಳುವುದು ಸಮಯ ಮಾತ್ರ.

ಈ ಆದೇಶದ ಗುಣವೆಂದರೆ ಯಂತ್ರದಲ್ಲಿ ಇಲ್ಲದ ಭಾಷೆಯನ್ನು ಹೇಳಿದರೆ ತಪ್ಪು ಎಂದು ಅಲ್ಲಿಯೇ ನಿಲ್ಲಿಸುತ್ತದೆ. ಕಡತವನ್ನು ಕೈಯಾರೆ ತಿದ್ದಿದರೆ ಹಾಗೆ ತಡೆಯುವವರು ಯಾರೂ ಇರುವುದಿಲ್ಲ.

ಕೀಲಿಮಣೆ

ಭಾಷೆ ಸರಿಯಾಯಿತು, ವೈ ಇನ್ನೂ ಝಡ್ ಆಗಿಯೇ ಇತ್ತು. ಉಬುಂಟು, ಡೆಬಿಯನ್‌ಗಳಲ್ಲಿ ಇದಕ್ಕೆ ಆದೇಶ:

ಸುಡೊ ಡಿಪಿಕೆಜಿ-ರೀಕಾನ್‌ಫಿಗರ್ ಕೀಬೋರ್ಡ್-ಕಾನ್‌ಫಿಗರೇಶನ್

ಡಿಪಿಕೆಜಿ ಎಂಬುದು ಅದೇ ನಾಲ್ಕು ಅಕ್ಷರ. ಉಳಿದವು ಪೂರ್ತಿ ಇಂಗ್ಲಿಷ್ ಪದಗಳು. ಮೌಸ್ ನಡೆಯದ ಪರದೆ ಬರುತ್ತದೆ. ಬಾಣದ ಕೀಲಿಗಳಿಂದ ಮೇಲೆ ಕೆಳಗೆ ಹೋಗಿ, ಎಂಟರ್ ಒತ್ತುತ್ತಾ ಸಾಗಬೇಕು. ಮಾದರಿ ಕೇಳಿದಾಗ ‘ಜೆನೆರಿಕ್ 105-ಕೀ’, ದೇಶ ಕೇಳಿದಾಗ ‘ಇಂಗ್ಲಿಷ್ (ಯುಎಸ್)’, ವಿನ್ಯಾಸಕ್ಕೂ ಅದೇ. ನಮ್ಮಲ್ಲಿ ಮಾರುವ ಲ್ಯಾಪ್‌ಟಾಪುಗಳ ಕೀಲಿಗಳ ಮೇಲೆ ಅಚ್ಚಾಗಿರುವುದು ಇದೇ ವಿನ್ಯಾಸ. ರೂಪಾಯಿ ಚಿಹ್ನೆ ಬೇಕೆನ್ನುವವರು ಭಾರತದ ಪಟ್ಟಿಯಲ್ಲಿ ರೂಪಾಯಿ ಸಹಿತ ಇಂಗ್ಲಿಷ್ ಆರಿಸಿಕೊಂಡರೆ ಬಲಗಡೆಯ ಆಲ್ಟ್ ಮತ್ತು 4ಕ್ಕೆ ₹ ಬರುತ್ತದೆ, ಉಳಿದ ಕೀಲಿಗಳು ಮಾಮೂಲಿಯೇ. ಆಮೇಲೆ ಕೇಳುವ ಪ್ರಶ್ನೆಗಳಿಗೆ ಬರಿಯ ಎಂಟರ್ ಸಾಕು.

ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕಿದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಯಂತ್ರ ಹಚ್ಚಿದ ಕೂಡಲೇ, ಲಾಗಿನ್ ಪರದೆಗೂ ಮೊದಲು ಕೇಳುವ ಆ ಗುಪ್ತಪದವನ್ನು ಇಷ್ಟು ದಿನ ಜರ್ಮನ್ ವಿನ್ಯಾಸದಲ್ಲಿ ಹೊಡೆಯುತ್ತಿದ್ದಿರಿ. ವಿನ್ಯಾಸ ಬದಲಾದ ಮೇಲೆ ಅದೇ ಕೀಲಿಗಳನ್ನು ಒತ್ತಿದರೆ ಬೇರೆ ಅಕ್ಷರ ಬೀಳುತ್ತದೆ. ಗುಪ್ತಪದದಲ್ಲಿ ವೈ, ಝಡ್ ಅಥವಾ ಚಿಹ್ನೆಗಳಿದ್ದರೆ ನಿಜವಾಗಿ ಬೀಳುತ್ತಿದ್ದ ಅಕ್ಷರಗಳು ಯಾವುವು ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಈ ಬದಲಾವಣೆ ಬೂಟ್ ಹಂತಕ್ಕೂ ತಲುಪಬೇಕಾದರೆ ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಓಡಿಸಬೇಕು. ಇದನ್ನು ಹಗಲು ಹೊತ್ತಿನಲ್ಲಿ, ಕೈಯಲ್ಲಿ ಸಮಯ ಇಟ್ಟುಕೊಂಡು ಮಾಡಿ.

ಉಬುಂಟು ಅಲ್ಲದವರಿಗೆ

ಲಿನಕ್ಸ್ ಮಿಂಟ್‌ನಲ್ಲಿ ಮೆನುವಿನಿಂದ ‘ಲ್ಯಾಂಗ್ವೇಜಸ್’ ತೆರೆದರೆ ‘ಅಪ್ಲೈ ಸಿಸ್ಟಮ್-ವೈಡ್’ ಅಲ್ಲಿಯೇ ಎದುರಿಗಿದೆ, ಉಬುಂಟುವಿಗಿಂತ ಹಸನು. ಡೆಬಿಯನ್‌ನಲ್ಲಿ ‘ಡಿಪಿಕೆಜಿ-ರೀಕಾನ್‌ಫಿಗರ್ ಲೊಕೇಲ್ಸ್’ ಓಡಿಸಿ, ಸ್ಪೇಸ್ ಒತ್ತಿ ಭಾಷೆಗೆ ಗುರುತು ಹಾಕಿ, ಮುಂದಿನ ಪುಟದಲ್ಲಿ ಅದನ್ನೇ ಮೂಲಭಾಷೆಯಾಗಿ ಆರಿಸಬೇಕು.

ಫೆಡೋರಾದ ಗ್ನೋಮ್‌ನಲ್ಲಿ ಒಂದಕ್ಕಿಂತ ಹೆಚ್ಚು ಖಾತೆಗಳಿದ್ದರೆ ‘ರೀಜನ್ ಅಂಡ್ ಲ್ಯಾಂಗ್ವೇಜ್’ ಪುಟದಲ್ಲಿಯೇ ‘ಲಾಗಿನ್ ಸ್ಕ್ರೀನ್’ ಎಂಬ ಪ್ರತ್ಯೇಕ ಭಾಗ ಕಾಣುತ್ತದೆ. ಟರ್ಮಿನಲ್ ಇಷ್ಟಪಡುವವರಿಗೆ ‘ಸುಡೊ ಲೊಕೇಲ್‌ಸಿಟಿಎಲ್ ಸೆಟ್-ಲೊಕೇಲ್ ಲ್ಯಾಂಗ್=ಇಎನ್_ಐಎನ್.ಯುಟಿಎಫ್-8’, ಕೀಲಿಮಣೆಗೆ ‘ಸುಡೊ ಲೊಕೇಲ್‌ಸಿಟಿಎಲ್ ಸೆಟ್-ಎಕ್ಸ್11-ಕೀಮ್ಯಾಪ್ ಯುಎಸ್’. ಕೆಡಿಇಯ ಎಸ್‌ಡಿಡಿಎಂಗೆ ಭಾಷೆಯ ಪ್ರತ್ಯೇಕ ಗುಂಡಿ ಹುಡುಕಿ ಹೊತ್ತು ಕಳೆಯಬೇಡಿ. ಮೇಲಿನ ದಾರಿಗಳಲ್ಲಿ ಯಂತ್ರದ ಭಾಷೆ ಬದಲಿಸಿ ರೀಸ್ಟಾರ್ಟ್ ಮಾಡಿ.

ಬಾಗಿಲಲ್ಲೇ ಕನ್ನಡ ಬೇಕೆಂದರೆ

“ಹೇಗೂ ಬದಲಿಸುತ್ತಿದ್ದೀಯಲ್ಲ, ಕನ್ನಡವೇ ಬರುವ ಹಾಗೆ ಮಾಡು” ಎಂದರು ಚಿಕ್ಕಮ್ಮ. ಆಗುತ್ತದೆ. ‘ಲ್ಯಾಂಗ್ವೇಜ್ ಸಪೋರ್ಟ್’ ಕಿಟಕಿಯಲ್ಲಿ ‘ಇನ್‌ಸ್ಟಾಲ್ / ರಿಮೂವ್ ಲ್ಯಾಂಗ್ವೇಜಸ್’ ಒತ್ತಿ, ಕನ್ನಡಕ್ಕೆ ಗುರುತು ಹಾಕಿದರೆ ಬೇಕಾದ ಪೊಟ್ಟಣಗಳನ್ನು ಅದೇ ಇಳಿಸಿಕೊಳ್ಳುತ್ತದೆ. ಆಮೇಲೆ ಕನ್ನಡವನ್ನು ಪಟ್ಟಿಯ ತುದಿಗೆ ಎಳೆದು, ಅದೇ ಗುಂಡಿ, ರೀಸ್ಟಾರ್ಟ್. ಅನುವಾದವಾಗದ ಸಾಲುಗಳು ಇಂಗ್ಲಿಷಿನಲ್ಲಿ ಉಳಿಯುತ್ತವೆ. ಅಕ್ಷರದ ಬದಲು ಚೌಕಗಳು ಕಂಡರೆ ಕನ್ನಡದ ಫಾಂಟಿಲ್ಲ ಎಂದು ತಿಳಿಯಿರಿ. ಲೋಹಿತ್, ಗುಬ್ಬಿ, ನವಿಲು, ನೋಟೊ ಇವುಗಳಲ್ಲಿ ಯಾವುದನ್ನು ಹಾಕಿಕೊಂಡರೂ ನಡೆಯುತ್ತದೆ.

ಇದಕ್ಕೆ ನನ್ನ ಎರಡು ತಕರಾರುಗಳಿವೆ. ಕಂಟ್ರೋಲ್, ಆಲ್ಟ್, ಎಫ್3ರ ಕಪ್ಪು ಪರದೆಗೆ ಹೆಚ್ಚೆಂದರೆ 512 ಅಕ್ಷರಾಕೃತಿಗಳು ಹಿಡಿಸುತ್ತವೆ, ಒತ್ತಕ್ಷರ ಜೋಡಿಸುವ ವಿದ್ಯೆ ಅದಕ್ಕೆ ಗೊತ್ತಿಲ್ಲ. ಇಡೀ ಯಂತ್ರಕ್ಕೆ ಕನ್ನಡ ಕೊಟ್ಟರೆ, ಯಂತ್ರ ಕೆಟ್ಟು ಆ ಪರದೆಗೆ ಹೋದ ದಿನ ದೋಷದ ಸಂದೇಶ ಓದಲು ಬರುವುದಿಲ್ಲ. ಚಿಕ್ಕಮ್ಮ ಆ ಕಡೆ ಹೋಗುವವರಲ್ಲ, ಹಾಗಾಗಿ ಹಾಕಿಕೊಟ್ಟೆ. ಎರಡನೆಯದು ಕೀಲಿಮಣೆ: ಯಂತ್ರಕ್ಕೆ ಕನ್ನಡ ವಿನ್ಯಾಸವೊಂದನ್ನೇ ಎಂದೂ ಕೊಡಬೇಡಿ. ಪಾಸ್‌ವರ್ಡ್ ಇಂಗ್ಲಿಷ್ ಅಕ್ಷರಗಳಲ್ಲಿದ್ದರೆ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಹೊರಗೆ ಇಂಗ್ಲಿಷ್ ಕೀಲಿಮಣೆ ಇರಲಿ, ಕನ್ನಡ ವಿನ್ಯಾಸವನ್ನು ನಿಮ್ಮ ಖಾತೆಯ ಒಳಗೆ ಸೇರಿಸಿಕೊಳ್ಳಿ.

ಮರುದಿನ ಬೆಳಿಗ್ಗೆ ಮತ್ತೆ ಫೋನು. “ಕನ್ನಡ ಬಂದಿದೆ, ಡಿ ಇ ಝಡ್ ಹೋಗಿದೆ. ಆದರೆ ಪಾಸ್‌ವರ್ಡ್ ಮತ್ತೆ ಒಪ್ಪುತ್ತಿಲ್ಲ.” ಕಣ್ಣಿನ ಚಿತ್ರ ಒತ್ತಲು ಹೇಳಿದೆ. ವೈ ಇರಬೇಕಾದಲ್ಲಿ ಝಡ್, ‘ಅಟ್’ ಇರಬೇಕಾದಲ್ಲಿ ಕ್ಯೂ. ಪರದೆಯ ಅಂಚಿಗೆ ಅಂಟಿಸಿದ್ದ ಚೀಟಿ ಇನ್ನೂ ಅಲ್ಲಿಯೇ ಇತ್ತು. ಚಿಕ್ಕಮ್ಮ ಅದನ್ನು ನೋಡಿಕೊಂಡೇ ಹೊಡೆಯುತ್ತಿದ್ದರು.